ಗಡ್ಡೆಯ ಗಾಳಿ

ಇದನ್ನ ಬರೀಬೇಕು ಅಂತ ಎರಡು ಸಲ ಶುರು ಮಾಡಿ ಡ್ರಾಫ್ಟ್‌ನಲ್ಲೇ ಬಿಟ್ಟಿದ್ದೆ. ಬರೆದ್ರೆ ನನ್ನ ತಪ್ಪನ್ನ ನಾನೇ ಹೇಳ್ಕೋಬೇಕು, ಅದಕ್ಕೇ ಕೈ ಓಡ್ತಿರ್ಲಿಲ್ಲ. ಮೊನ್ನೆ ಗೆಳತಿಯೊಬ್ಬಳು ಫೋನ್ ಮಾಡಿ, "ಮಗನಿಗೆ ವೀಝಿಂಗ್ ಅಂತೆ ಕಣೇ. ಈ ಬೆಂಗಳೂರೇ ಸರಿ ಇಲ್ಲ. ಒಂದು ತಿಂಗಳು ಅಮ್ಮನ ಮನೆಗೆ ಕಳಿಸಿಬಿಡ್ತೀನಿ, ಅಲ್ಲಿ ಗಾಳಿ ಚೆನ್ನಾಗಿದೆ" ಅಂದ್ಲು. ಫೋನ್ ಇಟ್ಟವಳು ಸೀದಾ ಬಂದು ಕಂಪ್ಯೂಟರ್ ಮುಂದೆ ಕೂತಿದ್ದೀನಿ.

ನನ್ನ ತವರು ವಿರೂಪಾಪುರಗಡ್ಡೆ. ಹಂಪಿ ನೋಡಿದವರಿಗೆ ಗೊತ್ತಿರತ್ತೆ, ವಿರೂಪಾಕ್ಷ ದೇವಸ್ಥಾನದ ಹತ್ತಿರ ಹೊಳೆಗಿಳಿದು ದೋಣಿ ಹತ್ತಿದ್ರೆ ಆ ಕಡೆಯ ದಡ. ಹೊಳೆ ದಾಟಿದ್ರೆ ಜಿಲ್ಲೆಯೇ ಬೇರೆ. ಹಂಪಿ ವಿಜಯನಗರ ಜಿಲ್ಲೆ, ನಾವು ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು. ಸುತ್ತ ಗುಂಡುಬಂಡೆ, ನಡುವೆ ಹಸಿರು ಭತ್ತದ ಗದ್ದೆ. ಫಾರಿನ್‌ನವರು ಇದಕ್ಕೆ ಹಿಪ್ಪಿ ಐಲ್ಯಾಂಡ್ ಅಂತ ಹೆಸರಿಟ್ಟಿದ್ರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, ಮಾರ್ಚಿನಲ್ಲಿ ರೆಸಾರ್ಟುಗಳನ್ನೆಲ್ಲ ತೆರವು ಮಾಡಿದ್ರಲ್ಲ, ಅದೇ ಊರು. ಅಣ್ಣಂದೂ ನಾಕು ಗುಡಿಸಲಿನ ಸಣ್ಣ ವ್ಯವಹಾರ ಇತ್ತು. ಈಗಿಲ್ಲ. ಈಗ ಅವನು ಭತ್ತ, ಎಮ್ಮೆ ಅಂತ ಮೊದಲಿನ ಹಾಗೇ ಇದ್ದಾನೆ. ಆ ಕತೆ ಬೇರೆ, ಇನ್ನೊಮ್ಮೆ ಬರೀತೀನಿ.

ನನ್ನ ಮಗಳಿಗೆ ಆಗ ಏಳು ವರ್ಷ. ಐದನೇ ವರ್ಷದಲ್ಲಿ ಆಸ್ತಮಾ ಅಂತ ಹೇಳಿದ್ರು. ಡಾಕ್ಟ್ರು ಎರಡು ಇನ್‌ಹೇಲರ್ ಕೊಟ್ಟಿದ್ರು. ಒಂದು ನೀಲಿ, ಉಸಿರು ಕಟ್ಟಿದಾಗ. ಇನ್ನೊಂದು ಕಂದು, ಚೆನ್ನಾಗಿದ್ದಾಗ್ಲೂ ದಿನಾ ಬೆಳಿಗ್ಗೆ ಸಂಜೆ. ಈ ಕಂದು ಬಣ್ಣದ್ದು ಕಂಡ್ರೆ ನಂಗೆ ಮೊದಲಿಂದಲೂ ಆಗ್ತಿರ್ಲಿಲ್ಲ. ಅದ್ರಲ್ಲಿ ಸ್ಟೀರಾಯ್ಡ್ ಇದೆ. ಆ ಪದ ಕೇಳಿದ್ರೇ ಭಯ. ಚೆನ್ನಾಗಿ ಆಡ್ಕೊಂಡಿರೋ ಮಗೂಗೆ ಯಾಕೆ ಔಷಧಿ? ಅಭ್ಯಾಸ ಆಗಿಬಿಟ್ರೆ? ಹುಡುಗಿ ಎತ್ತರ ಬೆಳೀದೇ ಹೋದ್ರೆ?

2024ರ ಆಗಸ್ಟಿನಿಂದ ಒಂದೂ ಸಲ ಉಬ್ಬಸ ಬಂದಿರ್ಲಿಲ್ಲ. ಡಿಸೆಂಬರ್ ರಜೆಗೆ ಹತ್ತು ದಿನ ಊರಿಗೆ ಹೋಗೋದು ಅಂತಾಯ್ತು. ಹೇಗೂ ಗಡ್ಡೆಗೆ ಹೋಗ್ತೀವಲ್ಲ, ಅಲ್ಲಿ ಯಾವ ಟ್ರಾಫಿಕ್ಕು, ಯಾವ ಧೂಳು ಅಂತ ಡಿಸೆಂಬರ್ ಶುರುವಿನಲ್ಲೇ ಕಂದು ಇನ್‌ಹೇಲರ್ ನಿಲ್ಲಿಸಿಬಿಟ್ಟೆ. ಡಾಕ್ಟ್ರನ್ನ ಕೇಳ್ಲಿಲ್ಲ. ಗಂಡನಿಗೂ ಹೇಳ್ಲಿಲ್ಲ. ನೀಲಿ ಒಂದನ್ನ ಮಾತ್ರ ಬ್ಯಾಗಿಗೆ ಹಾಕ್ಕೊಂಡೆ, ಅದೂ ಸುಮ್ನೆ ಇರ್ಲಿ ಅಂತ. ಕಂದು ಬೆಂಗಳೂರಿನ ಮನೆಯಲ್ಲಿ ಫ್ರಿಜ್ಜಿನ ಮೇಲೇ ಉಳೀತು. ಮರೆತು ಬಂದದ್ದಲ್ಲ, ಬೇಕಂತ್ಲೇ ಬಿಟ್ಟು ಬಂದದ್ದು.

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೊಸಪೇಟೆ, ಅಲ್ಲಿಂದ ಆಟೋದಲ್ಲಿ ಹಂಪಿ, ಆಮೇಲೆ ದೋಣಿ. ದೋಣಿಯಲ್ಲಿ ನಾನು ಮಗಳಿಗೆ "ಜೋರಾಗಿ ಉಸಿರು ತಗೋ ಪುಟ್ಟಾ, ನೋಡು ಎಂಥಾ ಗಾಳಿ" ಅಂದಿದ್ದು ನೆನಪಿದೆ.

ಊರಲ್ಲಿ ಭತ್ತದ ಕಟಾವು ಮುಗೀತಾ ಬಂದಿತ್ತು. ನಾನು ಸಣ್ಣವಳಿದ್ದಾಗ ಕುಡುಗೋಲಲ್ಲಿ ಕೊಯ್ದು, ಮೆದೆ ಒಟ್ಟಿ, ಹುಲ್ಲನ್ನೆಲ್ಲ ಬಣವೆ ಹಾಕ್ತಿದ್ರು. ದನಕ್ಕೆ ವರ್ಷಪೂರ್ತಿ ಅದೇ ಮೇವು. ಈಗ ಮಷಿನ್ ಬರತ್ತೆ, ಒಂದೇ ದಿನಕ್ಕೆ ಎಕರೆಗಟ್ಟಲೆ ಕೊಯ್ದು ಕಾಳು ಬೇರೆ ಮಾಡಿ ಹೋಗತ್ತೆ. ಅದು ಓಡಾಡುವಾಗ ಏಳೋ ಧೂಳು ನೋಡ್ಬೇಕು ನೀವು, ಮಷಿನ್ನೇ ಕಾಣಲ್ಲ. ಹಿಂದೆ ಮೊಣಕಾಲುದ್ದ ಕೂಳೆ, ಚೆಲ್ಲಾಪಿಲ್ಲಿ ಹುಲ್ಲು. ಎರಡನೇ ಬೆಳೆಗೆ ಕಾಲುವೆ ನೀರು ಬರೋದ್ರೊಳಗೆ ಗದ್ದೆ ಖಾಲಿ ಆಗ್ಬೇಕಲ್ಲ, ಕೆಲವರು ಬೆಂಕಿ ಇಟ್ಟುಬಿಡ್ತಾರೆ. ನಾವು ಹೋದ ಮೂರನೇ ದಿನ ಮಧ್ಯಾಹ್ನ ಪಕ್ಕದ ಗದ್ದೆಗೆ ಬೆಂಕಿ ಬಿತ್ತು. ಮಕ್ಕಳೆಲ್ಲ ಓಡಿಹೋಗಿ ನಿಂತು ನೋಡಿದ್ರು. ನನ್ನ ಮಗಳೂ. ನಾನೇ ಮೊಬೈಲಲ್ಲಿ ಫೋಟೋ ತೆಗೆದೆ! ಹೊಗೆಯ ಮುಂದೆ ಇಬ್ಬರೂ ನಗ್ತಾ ನಿಂತಿರೋ ಫೋಟೋ, ಅವಳು ಮತ್ತು ಅಣ್ಣನ ಮಗ. ಆ ಫೋಟೋ ಇನ್ನೂ ಇದೆ.

ಸಂಜೆ ಸೊಳ್ಳೆ. ಗದ್ದೆ ಊರು ಅಂದ್ಮೇಲೆ ಸೊಳ್ಳೆ ಕೇಳ್ಬೇಕಾ. ಅವ್ವ ಎಮ್ಮೆ ಕಟ್ಟೋ ಕಡೆ ಬೇವಿನಸೊಪ್ಪಿನ ಹೊಗೆ ಹಾಕಿದ್ಲು, ಮಲಗೋ ಕೋಣೇಲಿ ಸೊಳ್ಳೆಬತ್ತಿ ಹಚ್ಚಿದ್ಲು. ಮೊಮ್ಮಗಳಿಗೆ ಕಚ್ಚಬಾರದು ಅಂತ ಒಂದಲ್ಲ, ಎರಡು ಬತ್ತಿ. ಚಳಿ ಅಂತ ಕಿಟಕಿ ಬಾಗಿಲು ಭದ್ರ.

ರಾತ್ರಿ ಒಂದೂವರೆಗೆ ಎಚ್ಚರ ಆಯ್ತು. ಮಗಳು ಎದ್ದು ಕೂತಿದ್ಲು. ಎರಡೂ ಕೈ ಹಾಸಿಗೆಗೆ ಊರಿ, ಭುಜ ಎತ್ತಿ ಎತ್ತಿ ಉಸಿರು ಎಳೀತಿದ್ಲು. ಲೈಟ್ ಹಾಕಿ ನೋಡಿದ್ರೆ ಕುತ್ತಿಗೆ ಕೆಳಗಿನ ಗುಳಿ ಒಳಕ್ಕೆ ಹೋಗ್ತಿದೆ, ಪಕ್ಕೆ ಎಣಿಸೋ ಹಾಗೆ ಎದ್ದಿದೆ. "ಅಮ್ಮಾ ನಂಗೆ" ಅಂದು ನಿಲ್ಲಿಸಿದ್ಲು. ಮುಂದಿನ ಪದಕ್ಕೆ ಉಸಿರಿರ್ಲಿಲ್ಲ. ನೀಲಿ ಇನ್‌ಹೇಲರ್ ಸ್ಪೇಸರ್‌ಗೆ ಹಾಕಿ ಒಂದೊಂದೇ ಪಫ್ ಕೊಟ್ಟೆ. ನಾಲ್ಕು, ಆರು, ಎಂಟು... ಸ್ವಲ್ಪ ಹೊತ್ತು ಪರವಾಗಿಲ್ಲ ಅನ್ನಿಸ್ತು, ಮತ್ತೆ ಅದೇ. ಆ ಹೊತ್ತಲ್ಲಿ ದೋಣಿ ಎಲ್ಲಿ ಬರ್ಬೇಕು. ಅಣ್ಣ ಓಡಿಹೋಗಿ ಪಕ್ಕದ ಮನೆಯವರ ಕಾರು ತಂದ. ಸಣಾಪುರ, ಆನೆಗೊಂದಿ ಮೇಲೆ ಗಂಗಾವತಿ. ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್. ಆ ದಾರಿ ಹಗಲಿನಲ್ಲಿ ನಂಗೆ ಪ್ರಪಂಚದಲ್ಲೇ ಇಷ್ಟವಾದ ದಾರಿ. ಆವತ್ತು ರಾತ್ರಿ ಒಂದು ಬಂಡೆಯೂ ಕಣ್ಣಿಗೆ ಬೀಳ್ಲಿಲ್ಲ.

ನೆಬುಲೈಸರ್ ಹಾಕಿದ್ರು, ಆಕ್ಸಿಜನ್ ಹಾಕಿದ್ರು, ಇಂಜೆಕ್ಷನ್ ಕೊಟ್ರು. ಬೆಳಗಿನ ಜಾವ ಉಸಿರು ಹದಕ್ಕೆ ಬಂತು. ಡಾಕ್ಟ್ರು ವಯಸ್ಸಾದವರು, ಮಾತು ಕಮ್ಮಿ. "ದಿನಾ ತಗೊಳ್ಳೋ ಇನ್‌ಹೇಲರ್ ಯಾವಾಗ ನಿಲ್ಲಿಸೀರಿ?" ಅಂದ್ರು. ನಿಲ್ಲಿಸಿದ್ದೀರಾ ಅಂತ ಕೇಳ್ಲಿಲ್ಲ ನೋಡಿ, ಯಾವಾಗ ಅಂತಲೇ ಕೇಳಿದ್ರು. ನಾನು ಸುಳ್ಳು ಹೇಳೋಣ ಅಂದ್ಕೊಂಡೆ. ಹೇಳೋಕೆ ಆಗ್ಲಿಲ್ಲ.

ಅವರು ಬೈಯಲಿಲ್ಲ. ಪ್ರಿಸ್ಕ್ರಿಪ್ಷನ್ ಚೀಟಿಯ ಹಿಂದೆ ಎರಡು ದುಂಡನೆ ಕೊಳವೆ ಬರೆದ್ರು. ಆಸ್ತಮಾದಲ್ಲಿ ಶ್ವಾಸನಾಳದ ಸುತ್ತ ಇರೋ ಸ್ನಾಯು ಬಿಗಿಯುತ್ತೆ, ಅದನ್ನ ಸಡಿಲ ಮಾಡೋದು ನೀಲಿ. ಆದ್ರೆ ಒಳಗಿನ ಗೋಡೆ ಊದಿಕೊಂಡಿರೋದು, ಲೋಳೆ ತುಂಬಿರೋದು, ಅದು ನೀಲಿಯಿಂದ ಹೋಗಲ್ಲ. ಮಗು ಚೆನ್ನಾಗಿ ಆಡ್ತಿದ್ರೂ ಒಳಗೆ ಆ ಊತ ಸಣ್ಣದಾಗಿ ಇದ್ದೇ ಇರತ್ತೆ, ಕಂದು ಇನ್‌ಹೇಲರ್ ದಿನಾ ಅದನ್ನ ತಗ್ಗಿಸಿಡತ್ತೆ. ನಿಲ್ಲಿಸಿದ್ರೆ ಮೊದಲ ವಾರ ಏನೂ ಗೊತ್ತಾಗಲ್ಲ. ಅದಕ್ಕೇ ಜನ ಮೋಸ ಹೋಗೋದು. "ಮಾತ್ರೆಯೊಳಗ ಸ್ಟೀರಾಯ್ಡ್ ಮಿಲಿಗ್ರಾಂ ಲೆಕ್ಕ, ಇದರೊಳಗ ಮೈಕ್ರೋಗ್ರಾಂ ಲೆಕ್ಕ, ಸಾವಿರದಾಗ ಒಂದು ಪಾಲು" ಅಂದ್ರು. ಎತ್ತರದ ಬಗ್ಗೆ ಆಮೇಲೆ ನಾನೇ ಓದಿದೆ. ಅಮೆರಿಕದಲ್ಲಿ ಮಕ್ಕಳಿಗೆ ವರ್ಷಗಟ್ಟಲೆ ಈ ಔಷಧಿ ಕೊಟ್ಟು, ಅವರು ದೊಡ್ಡವರಾದ ಮೇಲೆ ಅಳೆದು ನೋಡಿದ್ದಾರೆ. ಕಮ್ಮಿ ಆಗಿದ್ದು ಸರಾಸರಿ 1.2 ಸೆಂಟಿಮೀಟರ್. ಅಷ್ಟಕ್ಕೆ ಹೆದರಿ ನಾನು ಆ ರಾತ್ರಿಯನ್ನ ಕೊಂಡ್ಕೊಂಡೆ.

ಇಲ್ಲಿಗೇ ಮುಗಿದಿದ್ರೆ ಇದು ನನ್ನೊಬ್ಬಳ ದಡ್ಡತನದ ಕತೆ. ಕಾರಲ್ಲಿ ಅತ್ತಿಗೆಯೂ ಬಂದಿದ್ಲು, ಜೊತೆಗೆ ಅವಳ ಮಗ, ಒಂಬತ್ತು ವರ್ಷದವನು. ರಾತ್ರಿ ಎದ್ದವನು ಅಮ್ಮನ್ನ ಬಿಟ್ಟಿರಲ್ಲ ಅಂತ ಹತ್ತಿಕೊಂಡಿದ್ದ. ಬೆಂಚಿನ ಮೇಲೆ ಕೂತು ಕೆಮ್ಮುತ್ತಿದ್ದ. ಒಣ ಕೆಮ್ಮು, ಬಿಟ್ಟು ಬಿಟ್ಟು. ನಮಗ್ಯಾರಿಗೂ ಅದು ಕೇಳಿಸ್ತಾನೇ ಇರ್ಲಿಲ್ಲ, ಅಷ್ಟು ಅಭ್ಯಾಸ. ಡಾಕ್ಟ್ರಿಗೆ ಕೇಳಿಸ್ತು. ಕರೆದು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ರು. "ಇವಂಗೂ ಆಸ್ತಮಾ ಐತೇನು?"

ಅತ್ತಿಗೆ ಗಾಬರಿಯಾದ್ಲು. "ಇಲ್ರೀ ಸರ, ಅಂಥಾದ್ದೇನಿಲ್ಲ. ಕಫದ ಮೈ ಅವಂದು. ಚಳಿ ಬಂತಂದ್ರ ಕೆಮ್ತಾನ, ಸಂಕ್ರಾಂತಿ ಆತಂದ್ರ ತಾನ ಕಮ್ಮಿ ಆಕ್ಕೈತಿ."

"ರಾತ್ರಿ ಮಲಗಿದಾಗ ಎದಿಯಾಗ ಸಪ್ಪಳ ಬರ್ತೈತೇನು? ಸಿಳ್ಳಿ ಹಾಕಿದಂಗ?"

"ಹ್ಞೂಂರೀ, ಬೆಕ್ಕು ಗುರ್ರ್ ಅಂದಂಗ ಅಂತೈತಿ. ನಮ್ಮ ಮಾವಂಗೂ ಹಂಗ ಇತ್ತಲ್ರೀ."

ನಮ್ಮ ಮಾವ ಅಂದ್ರೆ ನನ್ನ ಅಪ್ಪ. ನಾನು ಸುಮ್ನೆ ನಿಂತಿದ್ದೆ. ಅಪ್ಪನಿಗೆ ದಮ್ಮು ಇತ್ತು. ರಾತ್ರಿ ಗೋಡೆಗೆ ದಿಂಬು ಕೊಟ್ಟು ಕೂತೇ ನಿದ್ದೆ ಮಾಡ್ತಿದ್ದ. ಪ್ರತಿ ವರ್ಷ ಮೃಗಶಿರಾ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ನಾಂಪಲ್ಲಿ ಮೈದಾನದಲ್ಲಿ ರಾತ್ರಿಯೆಲ್ಲ ಸಾಲಲ್ಲಿ ನಿಂತು, ಆ ಜೀವಂತ ಮೀನಿನ ಮದ್ದು ನುಂಗಿ ಬರ್ತಿದ್ದ. ಮೂರು ವರ್ಷ ಬಿಡದೇ ತಗೋಬೇಕು ಅಂತ ಲೆಕ್ಕ, ಅಪ್ಪ ಆರು ವರ್ಷ ಹೋಗಿದ್ದ. ವಾಸಿ ಆಗ್ಲಿಲ್ಲ. ಬೀಡಿಯಿಂದ ಬಂದದ್ದು ಅಂತ ನಾವೆಲ್ಲ ನಂಬಿದ್ವಿ. ಬೆಂಗಳೂರಿನ ಡಾಕ್ಟ್ರು "ಮನೆಯಲ್ಲಿ ಯಾರಿಗಾದ್ರೂ ಇದೆಯಾ?" ಅಂದಾಗ ನಾನು ಇಲ್ಲ ಅಂದಿದ್ದೆ! ಸುಳ್ಳಲ್ಲ, ನಿಜವಾಗ್ಲೂ ನೆನಪಾಗ್ಲಿಲ್ಲ. ನನ್ನ ತಲೇಲಿ ದಮ್ಮು ಬೇರೆ, ಆಸ್ತಮಾ ಬೇರೆ. ದಮ್ಮು ಹಳ್ಳಿಯ ಮುದುಕರದ್ದು, ಆಸ್ತಮಾ ಬೆಂಗಳೂರಿನ ಮಕ್ಕಳದ್ದು. ಊರಿಗೆ ಬಂದು ಅವ್ವನ್ನ ಕೇಳಿದ್ರೆ "ಸಣ್ಣಾವಿದ್ದಾಗಿಂದ ಇತ್ತಂತ ಅವರಿಗೆ, ನಿಮ್ಮ ಅಜ್ಜಿ ಹೇಳ್ತಿದ್ದಳು" ಅಂದ್ಲು. ಬೀಡಿ ಶುರು ಮಾಡೋ ಮೊದಲೇ.

ವಾಪಸ್ ಬಂದ ಮೇಲೆ ಹುಚ್ಚು ಹಿಡಿದವಳ ಹಾಗೆ ಓದಿದೆ. ಬೆಂಗಳೂರಿನ ಮಟ್ಟಿಗೆ ಎಲ್ಲರೂ ಹೇಳೋದು ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರ ಲೆಕ್ಕ. ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳಲ್ಲಿ ಆಸ್ತಮಾ ಎಷ್ಟು ಅಂತ ಐದೈದು ವರ್ಷಕ್ಕೊಮ್ಮೆ ಎಣಿಸಿದ್ದು. 1979ರಲ್ಲಿ ಶೇ. 9. 1984ರಲ್ಲಿ 10.5. 1989ರಲ್ಲಿ 18.5. 1994ರಲ್ಲಿ 24.5. 1999ರಲ್ಲಿ 29.5. ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟಿಗಿಂತ ಜಾಸ್ತಿ. ಬೆಂಗಳೂರು ಊದಿಕೊಂಡಿದ್ದೂ ಅದೇ ಇಪ್ಪತ್ತು ವರ್ಷದಲ್ಲಿ, ಹಳಬರಿಗೆ ಗೊತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ ಅನ್ನೋದು ನೆನಪಿರ್ಲಿ, ಪೇಪರಿನವರು ಅದನ್ನ ಬಿಟ್ಟುಬಿಡ್ತಾರೆ. ನಂಗೆ ಜಾಸ್ತಿ ಚುಚ್ಚಿದ್ದು ಅವರದೇ ಇನ್ನೊಂದು ಲೆಕ್ಕ. ಹನ್ನೆರಡು ಶಾಲೆಗಳಲ್ಲಿ 6ರಿಂದ 15 ವರ್ಷದ 6,550 ಮಕ್ಕಳನ್ನ ನೋಡಿದ್ದಾರೆ. ವಾಹನ ಕಮ್ಮಿ ಇರೋ ಕಡೆಯ ಶಾಲೆಯಲ್ಲಿ ಶೇ. 11.15. ವಾಹನ ಜಾಸ್ತಿ ಇರೋ ಕಡೆ 19.34. ವಾಹನವೂ ಜಾಸ್ತಿ, ಮನೆಯಲ್ಲಿ ಬಡತನವೂ ಇದ್ರೆ 31.14. ಅಂದ್ರೆ ಬರೀ ಬೆಂಗಳೂರಿನ ಗಾಳಿಯಲ್ಲ. ಆ ಗಾಳಿಯಲ್ಲಿ ಯಾವ ಥರದ ಮನೆಯಲ್ಲಿ ಇದ್ದೀವಿ ಅನ್ನೋದೂ ಇದೆ.

ಇದನ್ನೆಲ್ಲ ಓದಿದವರಿಗೆ ಅನ್ನಿಸೋದು ನಂಗೆ ಅನ್ನಿಸಿದ್ದೇ. ಊರು ಬಿಡು, ಹಳ್ಳಿಗೆ ಹೋಗು. ಹಳ್ಳಿಯ ಪರವಾಗಿ ದೊಡ್ಡ ಸಾಕ್ಷಿಯೂ ಇದೆ. ಅಮೆರಿಕದಲ್ಲಿ ಆಮಿಶ್, ಹಟರೈಟ್ ಅಂತ ಎರಡು ಪಂಗಡದವರಿದ್ದಾರೆ, ಎರಡೂ ಯುರೋಪಿನಿಂದ ಬಂದ ರೈತರು, ಊಟ ಉಡುಗೆ ಹೆಚ್ಚುಕಮ್ಮಿ ಒಂದೇ. 2016ರಲ್ಲಿ ಬಂದ ಅಧ್ಯಯನದ ಪ್ರಕಾರ ಆಮಿಶ್ ಮಕ್ಕಳಲ್ಲಿ ಆಸ್ತಮಾ ಶೇ. 5.2, ಹಟರೈಟ್ ಮಕ್ಕಳಲ್ಲಿ 21.3. ಆಮಿಶರು ಕುದುರೆ ಕಟ್ಟಿ ಹೊಲ ಉಳೋರು, ಕೊಟ್ಟಿಗೆ ಮನೆಗೆ ಹತ್ತಿಕೊಂಡೇ ಇರತ್ತೆ, ಮಕ್ಕಳು ಹುಟ್ಟಿದಾಗಿಂದ ಸಗಣಿ ಧೂಳಿನಲ್ಲೇ ಆಡ್ತವೆ. ಹಟರೈಟರದ್ದು ದೊಡ್ಡ ಮಷಿನ್ನಿನ ಬೇಸಾಯ, ದನಕರು ಮನೆಯಿಂದ ದೂರ. ಕೊಟ್ಟಿಗೆಯ ಸೂಕ್ಷ್ಮಜೀವಿಗಳು ಹಸುಗೂಸಿನ ಮೈಯನ್ನ ಪಳಗಿಸ್ತವೆ ಅಂತ ಅದರ ತಾತ್ಪರ್ಯ. ಓದ್ತಾ ಓದ್ತಾ ನನ್ನ ಬಾಲ್ಯದ ಗಡ್ಡೆ ಆಮಿಶರದ್ದು, ಈಗಿನ ಗಡ್ಡೆ ಹಟರೈಟರ ಕಡೆಗೆ ವಾಲಿದೆ ಅನ್ನಿಸ್ತು. ಬಣವೆ ಹೋಯ್ತು, ಎತ್ತು ಹೋಯ್ತು, ಮಷಿನ್ ಬಂತು. ಆದ್ರೆ ಅದೂ ಪೂರ್ತಿ ಹೊಂದಲ್ಲ, ಯಾಕಂದ್ರೆ ಎತ್ತು ಬಣವೆ ಎಲ್ಲ ಇದ್ದ ಕಾಲದಲ್ಲೇ ನನ್ನ ಅಪ್ಪ ಕೂತು ನಿದ್ದೆ ಮಾಡ್ತಿದ್ದ. ಇನ್ನೊಂದು ಮಾತು. ಕೊಟ್ಟಿಗೆ ಕಾಪಾಡೋದು ಅಲ್ಲೇ ಹುಟ್ಟಿ ಬೆಳೆಯೋ ಕೂಸನ್ನ. ಆಗಲೇ ಆಸ್ತಮಾ ಇರೋ ಏಳು ವರ್ಷದ ಹುಡುಗೀನ ಹತ್ತು ದಿನ ಕರ್ಕೊಂಡು ಹೋಗಿ ನಿಲ್ಲಿಸಿದ್ರೆ ಅದೇ ಧೂಳು ಅವಳಿಗೆ ವಿಷ.

ಹೊಗೆಯ ವಿಷಯದಲ್ಲಂತೂ ಹಳ್ಳಿ ಪಟ್ಟಣ ಅಂತ ಇಲ್ಲವೇ ಇಲ್ಲ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದ್ರೆ ಹೊರಬರೋ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ 2003ರಲ್ಲೇ ಲೆಕ್ಕ ಹಾಕಿದ್ದಾರೆ. ಅವ್ವ ಎರಡು ಹಚ್ಚಿದ್ದಳಲ್ಲ! ಮನೇಲಿ ಗ್ಯಾಸ್ ಇದೆ, ಆದ್ರೆ ರೊಟ್ಟಿಗೆ ಒಲೆಯೇ ಆಗ್ಬೇಕು. ಬೆಳಿಗ್ಗೆ ಸ್ನಾನದ ನೀರಿಗೆ ಹಂಡೆ ಒಲೆ. ಚಳಿಗಾಲದಲ್ಲಿ ಮಕ್ಕಳು ಎದ್ದ ತಕ್ಷಣ ಹೋಗಿ ಕೂರೋದು ಅದರ ಮುಂದೆ, ನಾವೂ ಕೂರ್ತಿದ್ವಿ, ಅದಕ್ಕಿಂತ ಸುಖ ಇನ್ನೊಂದಿಲ್ಲ. ಅಣ್ಣನ ಮಗನ ಕೆಮ್ಮು ಚಳಿಗಾಲದಲ್ಲೇ ಯಾಕೆ ಅಂತ ಯಾರಾದ್ರೂ ಕೂತು ಯೋಚಿಸಿದ್ರೆ ಗೊತ್ತಾಗ್ತಿತ್ತು. ಕೂಳೆ ಹೊಗೆ, ಹಂಡೆ ಹೊಗೆ, ಮುಚ್ಚಿದ ಕಿಟಕಿ, ನೆಗಡಿ, ಎಲ್ಲ ಒಟ್ಟಿಗೆ ಬರೋದೇ ಆ ಎರಡು ತಿಂಗಳಲ್ಲಿ. ಗಂಗಾವತಿ ಕಡೆ ಹೋದ್ರೆ ಅಕ್ಕಿ ಮಿಲ್ಲುಗಳು ಹೊಟ್ಟು ಉರಿಸೋ ಬೂದಿ. ಕೊಪ್ಪಳದ ಕಡೆ ಹೋದ್ರೆ ಗಿಣಿಗೇರಿ ಸುತ್ತ ಕಬ್ಬಿಣದ ಕಾರ್ಖಾನೆ. 2025ರ ಫೆಬ್ರವರಿ 24ರಂದು ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಅಂತ ಕೊಪ್ಪಳ ಬಂದ್ ಆಯ್ತು, ಗವಿಮಠದ ಸ್ವಾಮೀಜಿಯೇ ಬೀದಿಗಿಳಿದ್ರು. ಅಣ್ಣನೂ ಹೋಗಿದ್ದ. ಬಂದವನು "ಅಲ್ಲಿ ಹೊಗಿ ಬ್ಯಾಡಂತ ಕೂಗಿ ಬಂದೆ, ಮನ್ಯಾಗಿಂದು ಯಾರು ಕೂಗಬೇಕು" ಅಂತ ಫೋನಲ್ಲಿ ನಕ್ಕ.

ಈಗ ಹೇಳಿ, ಯಾರಾದ್ರೂ ಸರ್ವೆಗೆ ಅಂತ ಗಡ್ಡೆಗೆ ಬಂದು ಅತ್ತಿಗೇನ "ನಿಮ್ಮ ಮಗುವಿಗೆ ಆಸ್ತಮಾ ಇದೆಯಾ?" ಅಂದಿದ್ರೆ ಅವಳು ಏನನ್ನುತ್ತಿದ್ದಳು? ಇಲ್ಲ ಅಂತಲೇ. ಹಳ್ಳಿಯಲ್ಲಿ ಒಂದು ಕಮ್ಮಿ ಆಗ್ತಿತ್ತು. ಪ್ರಪಂಚದಾದ್ಯಂತ ಮಕ್ಕಳ ಆಸ್ತಮಾ ಎಣಿಸೋರು ಇದಕ್ಕೇ ಕಾಯಿಲೆ ಹೆಸರು ಹಿಡಿದು ಮಾತ್ರ ಕೇಳಲ್ಲ, ಕಳೆದ ಹನ್ನೆರಡು ತಿಂಗಳಲ್ಲಿ ಎದೆಯಲ್ಲಿ ಸಿಳ್ಳೆ ಥರ ಶಬ್ದ ಬಂದಿತ್ತಾ ಅಂತಲೂ ಕೇಳ್ತಾರೆ. 1990ರ ದಶಕದಲ್ಲಿ ಶುರುವಾದ ಐಸಾಕ್ ಅನ್ನೋ ಅಧ್ಯಯನದಲ್ಲಿ ಈ ಶಬ್ದಕ್ಕೆ ಒಂದೊಂದು ಭಾಷೆಯಲ್ಲಿ ಒಂದೊಂದು ಪದ ಅಂತ ತೊಡಕಾಗಿ, ದೊಡ್ಡ ಮಕ್ಕಳಿಗೆ ವಿಡಿಯೋ ತೋರಿಸಿಯೂ ಕೇಳಿದ್ರಂತೆ. ನಮ್ಮ ಗಡ್ಡೆಗಾದ್ರೆ ಬೆಕ್ಕು ಗುರ್ರ್ ಅಂದಂಗ ಅಂದ್ರೆ ಸಾಕು. ಅದೇ ದಾರಿಯಲ್ಲಿ ಮುಂದೆ ಭಾರತದ ಒಂಬತ್ತು ಕಡೆ ಎಣಿಸಿದ್ದಾರೆ, ಅದರಲ್ಲಿ ನಮ್ಮ ಮೈಸೂರೂ ಇದೆ. 2022ರಲ್ಲಿ ಅದರ ಫಲಿತಾಂಶ ಬಂತು. ಆಸ್ತಮಾ ಇರೋದು 6–7 ವರ್ಷದವರಲ್ಲಿ ಶೇ. 3.16, 13–14 ವರ್ಷದವರಲ್ಲಿ 3.63. ಬೆಂಗಳೂರಿನ ಆಸ್ಪತ್ರೆ ಲೆಕ್ಕದ ಮುಂದೆ ಇದೇನೂ ಅಲ್ಲ ಅನ್ನಿಸತ್ತೆ. ಆದ್ರೆ ಅದರ ಕೆಳಗಿನ ಸಾಲು ನೋಡಿ. ಎದೆಯಲ್ಲಿ ಸಿಳ್ಳೆ ಬರ್ತಿರೋರಲ್ಲಿ ಶೇ. 82 ಜನಕ್ಕೆ ಇದು ಆಸ್ತಮಾ ಅಂತ ಯಾರೂ ಹೇಳೇ ಇಲ್ಲ. ಅವರಲ್ಲಿ ದಿನಾ ಕಂದು ಥರದ ಇನ್‌ಹೇಲರ್ ತಗೊಳ್ಳೋರು ನೂರಕ್ಕೆ ಮೂರು ಜನವೂ ಇಲ್ಲ.

ನನ್ನ ಮಗಳು ಆ ಹದಿನೆಂಟರಲ್ಲಿ ಒಬ್ಬಳು, ಆ ನೂರಕ್ಕೆ ಮೂರರಲ್ಲೂ ಒಬ್ಬಳು. ಅವಳನ್ನ ಕೈಯಾರೆ ಆಚೆ ತೆಗೆದಿದ್ದೆ ನಾನು. ಅಣ್ಣನ ಮಗ ಎಂಬತ್ತೆರಡರಲ್ಲಿ ಇದ್ದ. ಪ್ರತಿ ಡಿಸೆಂಬರಿನಲ್ಲಿ ಸ್ಕೂಲ್ ತಪ್ಪಿಸ್ತಿದ್ದ, ಓಡೋ ಆಟಕ್ಕೆ ಬರ್ತಿರ್ಲಿಲ್ಲ, ಎಲ್ಲರೂ ಸೋಮಾರಿ ಅಂತಿದ್ರು. ಆ ಮನೆಯ ಕಿಟಕಿಯ ಮೇಲೆ ಕೆಮ್ಮಿನ ಸಿರಪ್ ಬಾಟಲಿ ಸಾಲಾಗಿ ನಿಂತಿರೋದನ್ನ ನಾನು ಪ್ರತಿ ವರ್ಷ ನೋಡಿದ್ದೀನಿ.

ಇನ್‌ಹೇಲರ್ ಶುರು ಮಾಡಿಸೋದು ಸುಲಭ ಆಗ್ಲಿಲ್ಲ. "ಅದು ಚಟ ಆಗ್ತೈತಿ, ಒಮ್ಮಿ ಹಿಡದರ ಬಿಡೂದಿಲ್ಲ" ಅಂತ ಅವ್ವ. "ಊರಾಗ ಗೊತ್ತಾದ್ರ ದಮ್ಮಿನ ಹುಡುಗ ಅಂತಾರ" ಅಂತ ಅತ್ತಿಗೆ. ಕೊಪ್ಪಳ ಕಡೆ ಒಂದು ಹಳ್ಳಿಯಲ್ಲೂ ಮೃಗಶಿರಾ ದಿನ ಮದ್ದು ಕೊಡ್ತಾರೆ, ಅಲ್ಲಿಗೆ ಹೋಗೋಣ ಅಂತ ಇನ್ನೊಬ್ಬರು. ನಾನು ಬೆಂಗಳೂರಿಂದ ಬಂದು ಬುದ್ಧಿ ಹೇಳೋಕೆ ಮುಖ ಇರ್ಲಿಲ್ಲ, ಹಿಂದಿನ ವಾರ ನಾನೇ ಏನು ಮಾಡಿದ್ದೆ ಎಲ್ಲರಿಗೂ ಗೊತ್ತಿತ್ತು. ಕಡೆಗೆ ಒಪ್ಪಿಸಿದ್ದು ಅಣ್ಣ. "ಅಪ್ಪ ಗ್ವಾಡಿಗೆ ಕುಂತು ಮಲಗಿದ್ದು ನೋಡಿಲ್ಲೇನು ನೀವು" ಅಂದ, ಅಷ್ಟೇ. ಅವ್ವ ಎದ್ದು ಒಳಗೆ ಹೋದ್ಲು.

ಈಗ ಒಂದು ವರ್ಷ ದಾಟಿದೆ. ಸೊಳ್ಳೆಬತ್ತಿ ಹೋಗಿ ಪರದೆ ಬಂದಿದೆ. ಹಂಡೆ ಒಲೆ ಇನ್ನೂ ಇದೆ, ಹುಡುಗ ಅದರ ಮುಂದೆ ಕೂರಲ್ಲ ಅಂತ ಅತ್ತಿಗೆ ಹೇಳ್ತಾಳೆ, ನಾನು ನಂಬಲ್ಲ. ಪಕ್ಕದ ಗದ್ದೆಗೆ ಈ ಸಲವೂ ಬೆಂಕಿ ಬಿತ್ತು. ಮಗಳ ಕಂದು ಇನ್‌ಹೇಲರ್ ದಿನಾ ನಡೀತಿದೆ. ಡೋಸ್ ಕಮ್ಮಿ ಮಾಡೋದಿದ್ರೆ ಡಾಕ್ಟ್ರೇ ಮಾಡ್ತಾರೆ.

ಹೋದ ತಿಂಗಳು ಹುಡುಗನ ಸ್ಪೇಸರ್ ಎಮ್ಮೆ ಕಾಲಿಗೆ ಸಿಕ್ಕಿ ಒಡೀತು. ಬೇರೆ ತರಿಸೋವರೆಗೆ ಏನು ಮಾಡೋದು ಅಂತ ಅಣ್ಣ ಫೋನ್ ಮಾಡಿದ. ಅರ್ಧ ಲೀಟರಿನ ನೀರಿನ ಬಾಟಲಿ ತಳಕ್ಕೆ ಇನ್‌ಹೇಲರ್ ಬಾಯಿ ಹಿಡಿಸೋ ಅಷ್ಟೇ ತೂತು ಮಾಡಿ, ಸುತ್ತ ಗಾಳಿ ಹೋಗದ ಹಾಗೆ ಅಂಟಿಸಿದ್ರೆ ನಡೆಯತ್ತೆ, ದಕ್ಷಿಣ ಆಫ್ರಿಕಾದಲ್ಲಿ 1999ರಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ ಅಂತ ಓದಿದ್ದೆ. ಗಂಗಾವತಿ ಡಾಕ್ಟ್ರನ್ನ ಕೇಳಿದ್ರೆ ಅವರೂ ಹೂಂ ಅಂದ್ರಂತೆ. ಪ್ರವಾಸಿಗರು ಬಿಸಾಕಿ ಹೋದ ಬಾಟಲಿಗೆ ಗಡ್ಡೆಯಲ್ಲಿ ಬರವಾ, ಆದ್ರೂ ಹೊಸದೇ ತಗೋ ಅಂದೆ. ಸಂಜೆ ಹುಡುಗ ವಿಡಿಯೋ ಕಳಿಸಿದ್ದ. ಬಾಟಲಿ ಬಾಯಿಗೆ ಇಟ್ಕೊಂಡು ಒಂದೊಂದೇ ಉಸಿರು ಎಣಿಸ್ತಾ, ಹತ್ತಾದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, "ಅತ್ತೀ, ನಾಳೆ ಸ್ಕೂಲಾಗ ಖೋಖೋ ಐತಿ" ಅಂದ.